ಆಯುಷ್ಮಾನ್ ಕಾರ್ಡಿನ ಸುಳ್ಳು ಬಿಲ್ ಕೇಸು: ತಮ್ಮನಿಗೆ ಪೊಲೀಸ್ ನೋಟಿಸ್ ಬಂದಿದೆ, ಏನು ಮಾಡೋದು?

ಬೆಳವಲದ ಅಕ್ಕ

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನನ್ನ ತಮ್ಮ ಬಿಕಾಂ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಫೈಲುಗಳನ್ನು ಅಪ್‌ಲೋಡ್ ಮಾಡುವುದು ಅವನ ಕೆಲಸ. ಈಗ ಆಸ್ಪತ್ರೆ ಮೇಲೆ ಎಫ್‌ಐಆರ್ ಆಗಿದೆ. ಅಡ್ಮಿಟ್ ಆಗದವರನ್ನು ಅಡ್ಮಿಟ್ ಆಗಿದ್ದಾರೆ ಅಂತ ತೋರಿಸಿ ಸರ್ಕಾರದಿಂದ ದುಡ್ಡು ತೆಗೆದುಕೊಂಡಿದ್ದಾರೆ ಅನ್ನೋದು ಆರೋಪ. ಎಫ್‌ಐಆರ್‌ನಲ್ಲಿ ಮಾಲೀಕರು, ಒಬ್ಬ ಡಾಕ್ಟರು, ಆಮೇಲೆ "ಮತ್ತು ಇತರರು" ಅಂತಿದೆ. ತಮ್ಮನಿಗೆ ಠಾಣೆಯಿಂದ ನೋಟಿಸ್ ಬಂದಿದೆ. ಬಿಎನ್‌ಎಸ್‌ಎಸ್ 35(3) ಅಂತ ಬರೆದಿದೆ.

ಮಾಲೀಕರು ಫೋನ್ ಮಾಡಿ, "ನಮ್ಮ ವಕೀಲರೇ ನಿನ್ನದೂ ನೋಡ್ಕೋತಾರೆ, ನೀನು ಸುಮ್ನಿರು, ವಾಟ್ಸಾಪ್‌ನಲ್ಲಿ ಇರೋದೆಲ್ಲ ಡಿಲೀಟ್ ಮಾಡು" ಅಂದಿದ್ದಾರೆ. ನಮ್ಮ ಸೋದರಮಾವ ಸ್ವಲ್ಪ ದಿನ ಗೋವಾ ಕಡೆ ಹೋಗಿರ್ಲಿ ಅಂತಾರೆ. ತಮ್ಮ ಮೇಲಿನವರು ಹೇಳಿದ್ದನ್ನು ಮಾಡಿದ್ದಾನೆ ಅಷ್ಟೇ. ಅವನನ್ನೂ ಜೈಲಿಗೆ ಹಾಕ್ತಾರಾ?

ಕರಿಕೋಟು

ಅಕ್ಕಾ, ಮೊದಲು ಆ ಫೋನಿನ ವಿಷಯ. ಒಂದು ಮೆಸೇಜೂ ಅಳಿಸಬೇಡಿ. ಸಾಕ್ಷಿಯಾಗಬಹುದಾದ ದಾಖಲೆಯನ್ನು ಕೋರ್ಟಿಗೆ ಸಿಗದ ಹಾಗೆ ನಾಶ ಮಾಡುವುದೇ ಬೇರೆ ಅಪರಾಧ, ಹಳೇ ಐಪಿಸಿ ಬದಲು ಬಂದ ಹೊಸ ದಂಡ ಕಾನೂನು ಬಿಎನ್‌ಎಸ್ 241. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಇರುವುದೂ ಅದರೊಳಗೇ ಬರುತ್ತದೆ. ಈಗ ಅವನ ಮೇಲೆ ಇಲ್ಲದ ತಪ್ಪನ್ನು ಅವನ ಕೈಯಿಂದಲೇ ಮಾಡಿಸಲು ನೋಡುತ್ತಿದ್ದಾರೆ. ಆ ವಾಟ್ಸಾಪ್‌ನಲ್ಲಿ ಮಾಲೀಕರ ಸೂಚನೆಗಳಿದ್ದರೆ ನಿಮ್ಮ ತಮ್ಮನಿಗೆ ಇರುವ ದೊಡ್ಡ ಆಸರೆ ಅದೇ. ಅಳಿಸಿದರೆ ಲಾಭ ಯಾರಿಗೆ ಅಂತ ಯೋಚನೆ ಮಾಡಿ.

ನೋಟಿಸ್ ಬಂದಿದೆ ಅಂದರೆ ಅರೆಸ್ಟ್ ಅಂತಲ್ಲ. ಬಿಎನ್‌ಎಸ್‌ಎಸ್ ಅಂದರೆ ತನಿಖೆ, ಬಂಧನ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು. ಹಳೇ ಸಿಆರ್‌ಪಿಸಿಯಲ್ಲಿ 41ಎ ಇತ್ತಲ್ಲ, ಅದೇ ಈಗ 35(3). ಕರೆದ ದಿನ ಹೋಗಿ ತನಿಖೆಗೆ ಸಹಕರಿಸುವವರನ್ನು ಸುಮ್ನೆ ಬಂಧಿಸುವ ಹಾಗಿಲ್ಲ. ಬಂಧಿಸಲೇಬೇಕು ಅನ್ನಿಸಿದರೆ ಪೊಲೀಸರು ಕಾರಣ ಬರೆದಿಡಬೇಕು. 7 ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಗಿಯಾಗಿ ಹೇಳಿದೆ. ಹೋಗದೆ ತಪ್ಪಿಸಿಕೊಂಡರೆ ಆ ರಕ್ಷಣೆ ಹೋಯ್ತು. ಗೋವಾ ಮಾತು ಬಿಟ್ಟುಬಿಡಿ.

ಎಫ್‌ಐಆರ್ ಪ್ರತಿ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ತೆಗೆದುಕೊಂಡು ಸೆಕ್ಷನ್ ನೋಡಿ. 318(4) ಅಂದರೆ ವಂಚನೆ, ನಾವೆಲ್ಲ 420 ಅಂತಿದ್ದೆವಲ್ಲ ಅದು. 336(3) ವಂಚನೆಗಾಗಿ ಫೋರ್ಜರಿ. ಎರಡಕ್ಕೂ 7 ವರ್ಷದವರೆಗೆ. 340 ಅಂದರೆ ಸುಳ್ಳು ದಾಖಲೆಯನ್ನು ನಿಜ ಅಂತ ಬಳಸಿದ್ದು, 61 ಒಳಸಂಚು. 2024ರ ಜುಲೈ 1ಕ್ಕೆ ಮುಂಚೆ ನಡೆದ ಫೈಲುಗಳಾದರೆ ಹಳೇ ಐಪಿಸಿ ಸೆಕ್ಷನ್‌ಗಳೇ ಇರುತ್ತವೆ. 338 ಅಥವಾ ಐಪಿಸಿ 467 ಕಂಡರೆ ಮಾತ್ರ ತಡ ಮಾಡಬೇಡಿ. ಅದರ ಶಿಕ್ಷೆ ಜೀವಾವಧಿವರೆಗೂ ಹೋಗುತ್ತದೆ, 7 ವರ್ಷದ ಲೆಕ್ಕ ಅಲ್ಲಿ ನಡೆಯಲ್ಲ. ಆಗ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮುಂಚೆಯೇ ಜಾಮೀನು, ಕೇಳಬೇಕಾಗಬಹುದು.

ಆಸ್ಪತ್ರೆಯ ವಕೀಲರು ನಿಮ್ಮ ತಮ್ಮನ ಪರ ನಿಲ್ಲೋದು ಬೇಡವೇ ಬೇಡ. ಅವರಿಗೆ ಫೀಸು ಕೊಡುವವರು ಮಾಲೀಕರು. ನಾಳೆ "ಇದೆಲ್ಲ ಆ ಆಪರೇಟರ್ ಹುಡುಗನ ಕೆಲಸ, ನಮಗೆ ಗೊತ್ತೇ ಇಲ್ಲ" ಅನ್ನಬೇಕಾದ ದಿನ ಬಂದರೆ ಆ ವಕೀಲರು ಯಾರ ಕಡೆ ನಿಲ್ತಾರೆ? ಬೇರೆ ವಕೀಲರನ್ನು ಹಿಡಿಯಿರಿ. ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಆದಾಯ ಮಿತಿಯೊಳಗೆ ಇರುವವರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಹಳೇ ಮಿತ್ರ

ನಾನು ಕೆಲವು ವರ್ಷ ಆರೋಗ್ಯ ಮಿತ್ರನಾಗಿ, ಅಂದರೆ ಈ ಯೋಜನೆಯ ರೋಗಿಗಳಿಗೆ ಆಸ್ಪತ್ರೆಯಲ್ಲಿ ನೆರವಾಗುವವನಾಗಿ, ಕೆಲಸ ಮಾಡಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳಿದರೆ ಅಕ್ಕನಿಗೆ ಪೊಲೀಸರು ಏನು ಕೇಳಬಹುದು ಅನ್ನೋದು ಗೊತ್ತಾಗುತ್ತದೆ.

ಕ್ರಮ ಹೀಗಿದೆ. ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ರೆಫರಲ್ ಪತ್ರ ಕೊಡುತ್ತಾರೆ. ಎಮರ್ಜೆನ್ಸಿಗೆ ಮಾತ್ರ ಇದು ಬೇಡ. ಖಾಸಗಿ ಆಸ್ಪತ್ರೆಗೆ ಬಂದ ಮೇಲೆ ಕಾರ್ಡು, ಹೆಬ್ಬೆಟ್ಟು, ಫೋಟೋ. ಆಮೇಲೆ ಕಾಯಿಲೆಗೆ ತಕ್ಕ ಪ್ಯಾಕೇಜ್ ಕೋಡ್ ಹಾಕಿ ಪ್ರಿಆಥ್ ಕಳಿಸಬೇಕು, ಅಂದರೆ ಮುಂಚಿತ ಒಪ್ಪಿಗೆ. ಒಪ್ಪಿಗೆ ಬಂದು ಚಿಕಿತ್ಸೆ ಮುಗಿದ ಮೇಲೆ ಡಿಸ್ಚಾರ್ಜ್ ಸಮರಿ, ರಿಪೋರ್ಟು, ಹಾಸಿಗೆ ಮೇಲಿನ ಫೋಟೋ ಎಲ್ಲ ಹಾಕಿ ಕ್ಲೇಮ್. ರಾಜ್ಯದಲ್ಲಿ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಡೆಯ ಡಾಕ್ಟರುಗಳು ಅದನ್ನು ನೋಡಿ ಪಾಸ್ ಮಾಡುತ್ತಾರೆ.

ಮೋಸ ಜಾಸ್ತಿ ಸಿಕ್ಕಿಬೀಳುವುದು ಆ ಹಾಸಿಗೆ ಮೇಲಿನ ಫೋಟೋದಲ್ಲೇ. ಕ್ಯಾಂಪಿಗೆ ಬಂದವರನ್ನು ಒಬ್ಬೊಬ್ಬರಾಗಿ ಮಲಗಿಸಿ ಫೋಟೋ ತೆಗೆದಿರುತ್ತಾರೆ. ಅದೇ ಹೂವಿನ ಬೆಡ್‌ಶೀಟು, ಅದೇ ಸಲೈನ್ ಸ್ಟ್ಯಾಂಡು, ಬಾಟಲಿಯಲ್ಲಿ ನೀರು ಅಷ್ಟೇ ಮಟ್ಟಕ್ಕೆ ನಿಂತಿರುತ್ತದೆ. ಕೈಗೆ ಪ್ಲಾಸ್ಟರ್ ಅಂಟಿಸಿರುತ್ತಾರೆ, ಪೈಪು ಮಾತ್ರ ದಿಂಬಿನ ಕೆಳಗೆ ಹೋಗಿರುತ್ತದೆ. ಒಂದು ಫೈಲಿನಲ್ಲಿ ನೋಡಿದರೆ ಏನೂ ಅನ್ನಿಸಲ್ಲ. ಹತ್ತು ಫೈಲು ಪಕ್ಕಪಕ್ಕ ಇಟ್ಟರೆ ಮುಗೀತು. ಈಗ ಹಾಗೆ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದಲ್ಲಿ ಇದಕ್ಕೇ ಒಂದು ವಂಚನೆ ತಡೆ ಘಟಕ ಇದೆ.

ಅಕ್ಕಾ, ಒಂದು ಮುಖ್ಯ ಪ್ರಶ್ನೆ. ನಿಮ್ಮ ತಮ್ಮ ಯಾರ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದ? ಅವನದೋ, ಡಾಕ್ಟರದೋ?

ಬೆಳವಲದ ಅಕ್ಕ

ತುಂಬಾ ಉಪಕಾರ ಆಯ್ತು ಸರ್. ಫೋನು ಈಗ ಅಪ್ಪನ ಹತ್ತಿರ ಇದೆ, ಯಾರೂ ಮುಟ್ಟಿಲ್ಲ.

ಲಾಗಿನ್ ಡಾಕ್ಟರದು. ಅವರು ವಾರಕ್ಕೊಮ್ಮೆ ಬರುತ್ತಿದ್ದರಂತೆ. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿತ್ತಂತೆ. ಒಟಿಪಿ ಬಂದರೆ ಡಾಕ್ಟರು ಫೋನಿನಲ್ಲೇ ಹೇಳುತ್ತಿದ್ದರಂತೆ. ಫೋಟೋಗಳನ್ನು ಇವನು ತೆಗೆದಿಲ್ಲ, ಬೇರೆಯವರು ಕಳಿಸಿದ್ದನ್ನು ಹಾಕುತ್ತಿದ್ದ.

ತುಂಗಭದ್ರಾ ದಂಡೆ

ಎಲ್ಲರೂ ಆ ಹುಡುಗನಿಗೆ ಏನಾಗುತ್ತದೆ ಅಂತ ಕೇಳುತ್ತಿದ್ದೀರಿ. ಇನ್ನೊಂದು ಕಡೆಯದನ್ನೂ ಕೇಳಿ.

ನಮ್ಮ ಊರಿಗೆ ಕಣ್ಣಿನ ತಪಾಸಣೆ ಕ್ಯಾಂಪ್ ಅಂತ ಒಂದು ಆಸ್ಪತ್ರೆಯವರು ಬಂದಿದ್ದರು. ಅಪ್ಪನ ಬಿಪಿಎಲ್ ಕಾರ್ಡು, ಆಧಾರ್ ನೋಡಿ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಡ್ರಾಪ್ಸ್ ಬಾಟಲಿ ಕೊಟ್ಟು ಕಳಿಸಿದರು. ಅದೇ ವರ್ಷ ಅಪ್ಪನಿಗೆ ಎದೆನೋವು ಬಂತು. ಬ್ಲಾಕ್ ಇದೆ, ಆಪರೇಷನ್ ಆಗಬೇಕು ಅಂದರು. ಕಾರ್ಡ್ ಹಾಕಿ ನೋಡಿದರೆ ಮನೆಯವರೆಲ್ಲರಿಗೂ ಸೇರಿ ವರ್ಷಕ್ಕೆ ಸಿಗುವ 5 ಲಕ್ಷದಲ್ಲಿ ಬಹಳಷ್ಟು ಆಗಲೇ ಖರ್ಚಾಗಿದೆ. ಯಾರಿಗೋ ಏನೋ ಚಿಕಿತ್ಸೆ ಆಗಿದೆ ಅಂತ ತೋರಿಸುತ್ತಿದೆ. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಪಾಪ, "ನಿಮ್ಮಪ್ಪ ಹೋದ ತಿಂಗಳು ಅಡ್ಮಿಟ್ ಆಗಿದ್ರಲ್ವಾ?" ಅಂತ ನಮ್ಮನ್ನೇ ಕೇಳಿದಳು. ಅಮ್ಮನ ಬಂಗಾರ, ಒಂದು ಎತ್ತಿನ ಜೋಡಿ ಮಾರಿ ಆಪರೇಷನ್ ಮಾಡಿಸಿದೆವು.

ಅಕ್ಕಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ "ಹೇಳಿದ್ದನ್ನು ಮಾಡಿದ ಅಷ್ಟೇ" ಅನ್ನೋ ಮಾತು ಓದಿ ನನಗೆ ತಡೆಯಲಾಗಲಿಲ್ಲ. ನಮ್ಮಪ್ಪನ ಹೆಸರನ್ನೂ ಯಾರೋ ಒಬ್ಬ ಹೇಳಿದ್ದನ್ನು ಮಾಡುವವನೇ ಟೈಪ್ ಮಾಡಿರುತ್ತಾನೆ.

ಬೆಳವಲದ ಅಕ್ಕ

ನಿಮ್ಮ ಅಪ್ಪ ಈಗ ಹೇಗಿದ್ದಾರೆ? ನಿಮ್ಮ ಮಾತು ತಮ್ಮನಿಗೆ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ, ಊಟ ಬಿಟ್ಟು ಎದ್ದು ಹೋದ. ಅವನದು ತಪ್ಪೇ ಇಲ್ಲ ಅಂತ ನಾನಿನ್ನು ಹೇಳಲ್ಲ.

ಊರ ಬಾಗಿಲು

ನನಗೆ ಒಂದು ಒಪ್ಪಿಗೆ ಇಲ್ಲ. ಇಂಥ ಕೇಸುಗಳಲ್ಲಿ ಕೊನೆಗೆ ಸಿಕ್ಕಿಬೀಳುವುದು ಹದಿನೈದು ಸಾವಿರ ಸಂಬಳದ ಹುಡುಗರೇ. ಮಾಲೀಕ ದಂಡ ಕಟ್ಟಿ ಬೇರೆ ಹೆಸರಲ್ಲಿ ಇನ್ನೊಂದು ಬೋರ್ಡು ಹಾಕುತ್ತಾನೆ. ಪಾಸ್ ಮಾಡಿದ ಅಧಿಕಾರಿಗಳನ್ನು ಯಾರಾದರೂ ಕೇಳಿದ್ದಾರಾ? ಒಂದೇ ಬೆಡ್‌ಶೀಟ್ ಅವರಿಗೆ ಕಾಣಲಿಲ್ವಾ?

ಮಲೆನಾಡ ಡಾಕ್ಟ್ರು

ಊರ ಬಾಗಿಲು ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ದೊಡ್ಡವರಿಗೆ ಏನೂ ಆಗಲ್ಲ ಅನ್ನೋದು ಈಗ ಪೂರ್ತಿ ನಿಜವಲ್ಲ.

2024ರ ನವೆಂಬರಿನಲ್ಲಿ ಅಹಮದಾಬಾದಿನ ಖ್ಯಾತಿ ಆಸ್ಪತ್ರೆಯದು ನೆನಪಿದೆಯಲ್ವಾ? ಮೆಹ್ಸಾಣಾ ಜಿಲ್ಲೆಯ ಕಡಿ ತಾಲೂಕಿನ ಬೋರಿಸಣಾ ಅನ್ನೋ ಹಳ್ಳಿಯಲ್ಲಿ ಉಚಿತ ಕ್ಯಾಂಪ್ ಮಾಡಿ 19 ಜನರನ್ನು ಅಹಮದಾಬಾದಿಗೆ ಕರೆದುಕೊಂಡು ಹೋದರು. ಎಲ್ಲರಿಗೂ ಆಂಜಿಯೋಗ್ರಫಿ, ಅಂದರೆ ಹೃದಯದ ರಕ್ತನಾಳದ ಪರೀಕ್ಷೆ. 7 ಜನಕ್ಕೆ ಆಂಜಿಯೋಪ್ಲಾಸ್ಟಿ, ಅಂದರೆ ಆ ನಾಳ ಅಗಲ ಮಾಡಿ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಕೂರಿಸುವುದು. ಇಬ್ಬರು ತೀರಿಕೊಂಡರು. ಅಗತ್ಯವಿಲ್ಲದೆಯೇ ಸ್ಟೆಂಟ್ ಹಾಕಿ ಆಯುಷ್ಮಾನ್ ಯೋಜನೆಯಿಂದ ಹಣ ತೆಗೆಯಲು ನೋಡಿದರು ಅನ್ನೋದು ಆರೋಪ. ಅಲ್ಲಿ ಡಾಕ್ಟರು ಒಬ್ಬರೇ ಅಲ್ಲ, ಆಸ್ಪತ್ರೆಯ ಸಿಇಒ, ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದವರು ಎಲ್ಲರೂ ಬಂಧನವಾದರು. ವಿದೇಶದಲ್ಲಿದ್ದ ಅಧ್ಯಕ್ಷರನ್ನು 2025ರ ಜನವರಿಯಲ್ಲಿ ವಾಪಸ್ ಬಂದ ಕೂಡಲೇ ವಿಮಾನ ನಿಲ್ದಾಣದಲ್ಲೇ ಹಿಡಿದರು. ಬರೀ ವಂಚನೆಯ ಕೇಸಲ್ಲ, ಸಾವಿಗೆ ಕಾರಣವಾದ ಕೇಸೂ ಬಿತ್ತು.

ಅಧಿಕಾರಿಗಳ ವಿಷಯಕ್ಕೆ ಬಂದರೆ, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಕೊಟ್ಟ ವರದಿ ಓದಿ. ಸುಮಾರು 7.5 ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರು, ಹತ್ತು ಅಂಕಿಯೂ ಒಂಬತ್ತೇ. ಮೊಬೈಲ್ ನಂಬರಿನಿಂದ ಅರ್ಹತೆ ನಿರ್ಧಾರ ಆಗಲ್ಲ ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು, ಅದು ಸರಿಯೇ ಇರಬಹುದು. ಆದರೆ ಸತ್ತಿದ್ದಾರೆ ಅಂತ ದಾಖಲಾದ 3,446 ಜನರ ಹೆಸರಿನಲ್ಲಿ ಆಮೇಲೂ ಚಿಕಿತ್ಸೆ ತೋರಿಸಿ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಒಬ್ಬನೇ ರೋಗಿ ಒಂದೇ ಹೊತ್ತಿಗೆ ಎರಡು ಆಸ್ಪತ್ರೆಯಲ್ಲಿ ಮಲಗಿದ್ದೂ ಇತ್ತು. ಆಮೇಲೆ ಹಿಡಿತ ಬಿಗಿಯಾಯ್ತು. ದೇಶದಲ್ಲಿ 1,114 ಆಸ್ಪತ್ರೆಗಳನ್ನು ಪಟ್ಟಿಯಿಂದ ತೆಗೆದಿದ್ದೇವೆ, 549 ಆಸ್ಪತ್ರೆಗಳನ್ನು ಅಮಾನತು ಮಾಡಿದ್ದೇವೆ ಅಂತ ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ಉತ್ತರ ಕೊಟ್ಟಿದೆ.

ನನ್ನ ವೃತ್ತಿಯವರಿಗೂ ಒಂದು ಮಾತು ಹೇಳಲೇಬೇಕು. ಪ್ಯಾಕೇಜ್ ದರ ಕಡಿಮೆ, ಬಿಲ್ ಪಾಸಾಗಿ ದುಡ್ಡು ಬರೋದು ತಡ ಅನ್ನೋದು ನಿಜ. ಸಣ್ಣ ಆಸ್ಪತ್ರೆ ನಡೆಸುವ ಕಷ್ಟ ನನಗೆ ಗೊತ್ತು. ಹಾಗಂತ ಒಂದು ದಿನ ಇದ್ದವರನ್ನು ನಾಲ್ಕು ದಿನ ಅಂತ ಬರೆಯುವುದು ಪರಿಹಾರ ಅಲ್ಲ. ಲಾಗಿನ್ ಬೇರೆಯವರ ಕೈಗೆ ಕೊಟ್ಟು "ನನಗೆ ಗೊತ್ತಿರಲಿಲ್ಲ" ಅನ್ನುವುದಂತೂ ಡಾಕ್ಟರ ಬಾಯಲ್ಲಿ ಬರಬಾರದ ಮಾತು. ಆ ಲಾಗಿನ್ ಡಾಕ್ಟರ ಸಹಿ ಇದ್ದ ಹಾಗೆ, ಅದಕ್ಕೆ ಬೆಲೆ ಇದೆ ಅಂತಲೇ ಸರ್ಕಾರ ಅದನ್ನು ಕೇಳುತ್ತದೆ.

ಮಿಷಿಗನ್ ಕನ್ನಡತಿ

ಇಲ್ಲಿ ಡೆಟ್ರಾಯ್ಟ್ ಹತ್ತಿರ ನಾನು ಮೆಡಿಕಲ್ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಸೇರಿದಾಗ ನಮಗೆಲ್ಲ ಮೊದಲು ಹೇಳಿದ ಕತೆ ಫರೀದ್ ಫತಾ ಅನ್ನೋ ಕ್ಯಾನ್ಸರ್ ಡಾಕ್ಟರದು. ನಮ್ಮ ಪಕ್ಕದಲ್ಲೇ ನಡೆದದ್ದು. ಕ್ಯಾನ್ಸರ್ ಇಲ್ಲದವರಿಗೂ ಕೀಮೋ ಕೊಟ್ಟು ಮೆಡಿಕೇರ್‌ಗೆ, ಅಂದರೆ ಇಲ್ಲಿನ ವಯಸ್ಸಾದವರ ಸರ್ಕಾರಿ ವಿಮೆಗೆ, ಬಿಲ್ ಹಾಕುತ್ತಿದ್ದ. 553 ರೋಗಿಗಳು. 2013ರಲ್ಲಿ ಅರೆಸ್ಟ್, 2015ರಲ್ಲಿ 45 ವರ್ಷ ಜೈಲು.

ಬೆಳವಲದ ಅಕ್ಕ ತಿಳಿದುಕೊಳ್ಳಬೇಕಾದ ವಿಷಯ ಅದು ಹೊರಗೆ ಬಂದ ರೀತಿ. ಒಬ್ಬ ಹೆಂಗಸು ಮೊದಲ ಕೀಮೋ ಆದ ಕೂಡಲೇ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅಲ್ಲಿ ಅವಳನ್ನು ನೋಡಿದ್ದು ಅದೇ ಕ್ಲಿನಿಕ್ಕಿನ ಇನ್ನೊಬ್ಬ ಡಾಕ್ಟರು. ಇವಳಿಗೆ ಕ್ಯಾನ್ಸರೇ ಇಲ್ವಲ್ಲ ಅಂತ ಅವರಿಗೆ ಗೊತ್ತಾಯಿತು. ಅವರು ಕ್ಲಿನಿಕ್ಕಿನ ಮ್ಯಾನೇಜರಿಗೆ ಹೇಳಿದರು, ಮ್ಯಾನೇಜರು ಸರ್ಕಾರಕ್ಕೆ ತಿಳಿಸಿದರು. ಒಳಗಿನವರೇ ಬಾಯಿ ಬಿಟ್ಟರು.

ಇಲ್ಲಿ 1863ರಿಂದಲೂ ಒಂದು ಕಾನೂನು ಇದೆ. ಸುಳ್ಳು ಬಿಲ್ ಬಗ್ಗೆ ಒಳಗಿನವರು ತಿಳಿಸಿದರೆ, ಸರ್ಕಾರಕ್ಕೆ ವಾಪಸ್ ಬಂದ ಹಣದಲ್ಲಿ ಅವರಿಗೂ ಪಾಲು. ಸರ್ಕಾರ ಕೇಸು ಕೈಗೆತ್ತಿಕೊಂಡರೆ ನೂರಕ್ಕೆ 15ರಿಂದ 25. ಕೆಲಸದಿಂದ ತೆಗೆದರೆ ಅದಕ್ಕೂ ಪರಿಹಾರ ಇದೆ. ಅಲ್ಲಿ ಅಂಥದ್ದು ಇದೆಯಾ?

ಕರಿಕೋಟು

ಇಲ್ಲ. 2014ರಲ್ಲಿ ದೂರುದಾರರ ರಕ್ಷಣೆಗೆ ಒಂದು ಕಾಯ್ದೆ ಪಾಸಾಯಿತು, ಜಾರಿಗೆ ಬರಲೇ ಇಲ್ಲ. ಬಂದಿದ್ದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ಬಗ್ಗೆ ಇರುವುದು. ಖಾಸಗಿ ಆಸ್ಪತ್ರೆಯ ಆಪರೇಟರ್ ಹುಡುಗ ಮಾಲೀಕನ ವಿರುದ್ಧ ಹೇಳಿದರೆ ಮಾರನೇ ದಿನ ಅವನ ಕೆಲಸ ಹೋಗುತ್ತದೆ. ಅಷ್ಟಕ್ಕೇ ಎಷ್ಟೋ ಜನ ಸುಮ್ಮನಾಗುತ್ತಾರೆ.

ನಮ್ಮಲ್ಲಿ ಇರುವುದು ಮಾಫಿ ಸಾಕ್ಷಿ. ಬಿಎನ್‌ಎಸ್‌ಎಸ್ 343. ಇದ್ದದ್ದನ್ನು ಇದ್ದ ಹಾಗೆ, ತನ್ನ ಪಾಲನ್ನೂ ಸೇರಿಸಿ ಹೇಳುತ್ತೇನೆ ಅಂತ ಒಪ್ಪಿದ ಆರೋಪಿಗೆ ಮ್ಯಾಜಿಸ್ಟ್ರೇಟರು ಮಾಫಿ ಕೊಡಬಹುದು. ಅದು ಕೋರ್ಟು ಕೊಡುವುದು. "ಎಲ್ಲ ಹೇಳು, ನಿನ್ನನ್ನು ಬಿಟ್ಟುಬಿಡ್ತೀವಿ" ಅಂತ ಠಾಣೆಯಲ್ಲಿ ಯಾರಾದರೂ ಅಂದರೆ ಅದಕ್ಕೆ ಬೆಲೆ ಇಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ ಅಂತ ಸಂವಿಧಾನದ 20(3)ನೇ ವಿಧಿಯೇ ಹೇಳುತ್ತದೆ. ಹಾಗಂತ ಸುಳ್ಳು ಹೇಳೋದೂ ಬೇಡ. ಹೇಳಲು ಆಗದ ಕಡೆ ಸುಮ್ಮನಿರೋದು ಬೇರೆ, ಕತೆ ಕಟ್ಟೋದು ಬೇರೆ.

ಅಕ್ಕಾ, ಲಾಗಿನ್ ವಿಷಯ ಎರಡೂ ಕಡೆ ಕಡಿಯುತ್ತದೆ. ಡಾಕ್ಟರು ತಾವೇ ಒಟಿಪಿ ಕೊಟ್ಟಿದ್ದರೆ ಅವರು ಕೈ ತೊಳೆದುಕೊಳ್ಳಲಾಗಲ್ಲ, ಆ ಹೊತ್ತಿಗೆ ಕರೆ ಹೋಗಿದ್ದರ ದಾಖಲೆ ಮೊಬೈಲ್ ಕಂಪನಿಯಲ್ಲಿ ಸಿಗುತ್ತದೆ. ಆದರೆ ಬೇರೆಯವರ ಪಾಸ್‌ವರ್ಡ್ ಮೋಸಕ್ಕೆ ಬಳಸಿದ್ದು ಅಂತ ಐಟಿ ಕಾಯ್ದೆಯ 66ಸಿ ಕೂಡ ಹಾಕಬಹುದು.

ವಂಚನೆಯಲ್ಲಿ ಕೋರ್ಟು ನೋಡುವುದು ಮನಸ್ಸಿನಲ್ಲಿ ಮೋಸದ ಉದ್ದೇಶ ಇತ್ತಾ ಅಂತ. ಅದಕ್ಕೆ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಸಂಬಳ ಬಿಟ್ಟು ಅವನಿಗೆ ಬೇರೆ ದುಡ್ಡು ಬಂದಿದೆಯಾ?

ಬೆಳವಲದ ಅಕ್ಕ

ಕೇಳಿದೆ. ಬಂದಿದೆ ಸರ್. ಫೈಲಿಗೆ ಇಷ್ಟು ಅಂತ ಲೆಕ್ಕ ಹಾಕಿ ತಿಂಗಳ ಕೊನೆಗೆ ಫೋನ್‌ಪೇ ಮಾಡುತ್ತಿದ್ದರಂತೆ. ನಮಗೆ ಬೋನಸ್ ಅಂತ ಹೇಳಿದ್ದ. ಮೊದಲಿಗೆ ಅವನಿಗೂ ಗೊತ್ತಿರಲಿಲ್ಲವಂತೆ, ಆಮೇಲೆ

ಕರಿಕೋಟು

ಅಕ್ಕಾ, ಇಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ಇಲ್ಲಿ ಬರೆಯಬೇಡಿ. ಇದು ಎಲ್ಲರೂ ಓದುವ ಜಾಗ, ನಾನು ನಿಮ್ಮ ವಕೀಲನೂ ಅಲ್ಲ. ಅವನಿಗೆ ಯಾವಾಗ ಏನು ಗೊತ್ತಾಯಿತು ಅನ್ನೋದೇ ಈ ಕೇಸಿನ ಜೀವ. ಅದನ್ನು ಅವನ ವಕೀಲರ ಹತ್ತಿರ ಕೂತು, ಒಂದನ್ನೂ ಮುಚ್ಚಿಡದೆ ಹೇಳಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಲಿ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ, ಇಲ್ಲಿ ಬರೆದದ್ದಕ್ಕೆ ಇಲ್ಲ.

ಇನ್ನೊಂದು. ಬಂದ ದುಡ್ಡು ವಾಪಸ್ ಕಟ್ಟಿಬಿಟ್ಟರೆ ಕೇಸು ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾಮೀನು ಕೇಳುವಾಗ, ಶಿಕ್ಷೆಯ ಪ್ರಮಾಣ ನೋಡುವಾಗ ಅದು ಸಹಾಯ ಮಾಡಬಹುದು. ಕ್ರಿಮಿನಲ್ ಕೇಸು ತಾನಾಗಿಯೇ ಬೀಳಲ್ಲ. ಕಟ್ಟುವುದಾದರೂ ಮಾಲೀಕರ ಕೈಗೆ ಕೊಡಬೇಡಿ. ವಕೀಲರ ಮೂಲಕ, ದಾಖಲೆ ಇಟ್ಟುಕೊಂಡು.

ಬೆಳವಲದ ಅಕ್ಕ

ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ವಕೀಲರು ಹೇಳಿದಷ್ಟೇ ಬರೆಯುತ್ತೇನೆ.

ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ಮೇಡಂ ಸಿಕ್ಕಿದರು. ಅವರ ಜೊತೆ ಕೂತು ಎಲ್ಲ ಮಾತಾಡಿದ ಮೇಲೇ ತಮ್ಮ ಠಾಣೆಗೆ ಹೋಗಿದ್ದು. ಬೆಳಿಗ್ಗೆ ಹೋದವನು ಸಂಜೆ ಮನೆಗೆ ಬಂದ. ಫೋನು ಜಪ್ತಿ ಮಾಡಿ ಮಹಜರು ಬರೆದಿದ್ದಾರೆ, ಪ್ರತಿ ಕೊಟ್ಟಿದ್ದಾರೆ. ಮತ್ತೆ ಕರೆದಾಗ ಬರಬೇಕು ಅಂದಿದ್ದಾರೆ. ಮಾಲೀಕರಿಗೆ ವಿಷಯ ತಿಳಿದು ಮಾವನ ಮನೆ ತನಕ ಜನ ಕಳಿಸಿದ್ದರು. ಮೇಡಂ ಅದನ್ನೂ ಬರೆದು ಠಾಣೆಗೆ ಕೊಡಿಸಿದ್ದಾರೆ. ಹೆದರಿಕೆ ಇನ್ನೂ ಇದೆ. ಆದರೆ ತಮ್ಮ ನಿನ್ನೆ ಊಟ ಮಾಡಿದ.

ತುಂಗಭದ್ರಾ ದಂಡೆ ಅವರೇ, ಅವನು ನಿಮಗೆ ಒಂದು ಮಾತು ಹೇಳು ಅಂದ. ನಿಮ್ಮ ಅಪ್ಪನ ಹೆಸರು ಅವನ ಆಸ್ಪತ್ರೆಯ ಫೈಲಿನಲ್ಲಿ ಇರಲಿಕ್ಕಿಲ್ಲ, ಜಿಲ್ಲೆ ಬೇರೆ. ಆದರೆ ಇಂಥ ಸುಳ್ಳು ಫೈಲಿನಲ್ಲಿ ರೋಗಿಯ ಫೋಟೋ, ದಿನಾಂಕ, ಯಾವ ಆಸ್ಪತ್ರೆ ಅನ್ನೋದು ಸಿಸ್ಟಮಿನಲ್ಲಿ ಉಳಿದೇ ಇರುತ್ತದಂತೆ. ನೀವು ಕೇಳಬೇಕಂತೆ, ಬಿಡಬಾರದಂತೆ.

ತುಂಗಭದ್ರಾ ದಂಡೆ

ಅಪ್ಪ ಈಗ ಓಡಾಡುತ್ತಾರೆ ಅಕ್ಕಾ, ಕೇಳಿದ್ದಕ್ಕೆ ಸಂತೋಷ. ತಮ್ಮನಿಗೆ ಹೇಳಿ, ಠಾಣೆಗೆ ಹೋಗಿದ್ದು ಒಳ್ಳೇದಾಯ್ತು.

ಯಾರನ್ನು ಕೇಳಬೇಕು? ನಾವು ಒಂದು ಸಲ ತಾಲೂಕು ಆಸ್ಪತ್ರೆಯಲ್ಲಿ ಕೇಳಿದಾಗ ಬೆಂಗಳೂರಿಗೆ ಬರೆಯಿರಿ ಅಂತ ಕಳಿಸಿದರು.

ಹಳೇ ಮಿತ್ರ

ಬೆಂಗಳೂರಿನ ತನಕ ಹೋಗುವ ಮುಂಚೆ ನಿಮ್ಮ ಜಿಲ್ಲೆಯಲ್ಲೇ ಶುರು ಮಾಡಿ. ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕಾರ್ಡ್ ನಂಬರ್ ಹೇಳಿ, ನಿಮ್ಮ ಕುಟುಂಬದ ಹೆಸರಿನಲ್ಲಿ ಯಾವ ಯಾವ ಆಸ್ಪತ್ರೆಯಲ್ಲಿ ಏನು ಕ್ಲೇಮ್ ಆಗಿದೆ ಅಂತ ಕೇಳಿ. ದೂರು ದಾಖಲಿಸಿ ಅಂತ ಹೇಳಿ, ದೂರಿನ ನಂಬರು ತೆಗೆದುಕೊಳ್ಳಿ. ಬರೀ ವಿಚಾರಿಸಿ ಇಟ್ಟರೆ ಲೆಕ್ಕಕ್ಕೆ ಬರಲ್ಲ. ಯೋಜನೆಗೆ ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ಸಮಿತಿ ಇದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಅವರ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಕ್ಯಾಂಪ್ ನಡೆದ ದಿನ, ಜಾಗ, ಬಂದಿದ್ದ ಆಸ್ಪತ್ರೆಯ ಹೆಸರು ಬರೆಯಿರಿ. ಆ ಡ್ರಾಪ್ಸ್ ಬಾಟಲಿ, ಚೀಟಿ ಏನಾದರೂ ಉಳಿದಿದ್ದರೆ ಅದರ ಫೋಟೋ ಸೇರಿಸಿ. ಅಪ್ಪನ ಆಪರೇಷನ್ ಬಿಲ್ಲುಗಳನ್ನೂ ಲಗತ್ತಿಸಿ.

ಆ ಕ್ಯಾಂಪಿಗೆ ಬಂದಿದ್ದ ಊರಿನ ಬೇರೆಯವರ ಕಾರ್ಡನ್ನೂ ಚೆಕ್ ಮಾಡಿಸಿ. ಒಬ್ಬರೇ ಕೊಟ್ಟರೆ ಡೇಟಾ ಎಂಟ್ರಿ ತಪ್ಪು ಅಂತ ಮುಚ್ಚಿಬಿಡುತ್ತಾರೆ. ಐದಾರು ಮನೆಯವರು ಒಟ್ಟಿಗೆ ಸಹಿ ಹಾಕಿ ಕೊಡಿ. ಅರ್ಜಿ ಬರೆಯಲು ಕಷ್ಟ ಆದರೆ ನನಗೆ ಮೆಸೇಜ್ ಮಾಡಿ, ಬರೆದು ಕೊಡುತ್ತೇನೆ.